ತೊಲೆಯ ಕೆಚ್ಚು

ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಗೆ ವರ್ತುಲ ರಸ್ತೆ ಅಡ್ಡಬರುವೆಡೆಯಲ್ಲಿ ಮೇಲ್ಸೇತುವೆಯೊಂದಿದೆ. ಅದರ ಮೇಲೆ ಬಿರ್ರನೆ ಹಾದುಹೋಗುವವರಿಗೆ ಪಕ್ಕದಲ್ಲಿ ಹಿನಕಲ್ ಎಂಬ ಊರಿದೆಯೆಂಬುದು ಗಮನಕ್ಕೇ ಬಾರದು. ಒಂದು ಕಾಲಕ್ಕೆ ಅದು ನಗರದ ಹೊರಗಣ ಹಳ್ಳಿ; ಈಗ ನಗರವೇ ಅದನ್ನು ಬಳಸಿಕೊಂಡು ಮುಂದಕ್ಕೆ ಸಾಗಿದೆ. ನನ್ನೇಶ್ವರನ ಕಲ್ಲುಗುಡಿ ಅಲ್ಲಿಯೇ ಇದೆ. ಹೆಂಚಿನ ತೊಟ್ಟಿಮನೆಗಳು ಮಾತ್ರ ಒಂದೊಂದಾಗಿ ಕಣ್ಮರೆಯಾಗುತ್ತ, ಅವುಗಳ ಜಾಗದಲ್ಲಿ ಎರಡು ಮೂರು ಅಂತಸ್ತಿನ ಕಾಂಕ್ರೀಟು ಮನೆಗಳು ಏಳುತ್ತಿವೆ.

ಅಂಥದೊಂದು ತೊಟ್ಟಿಮನೆಯನ್ನು ಕೆಡಹುತ್ತಿದ್ದ ದಿನಗಳವು. ಹೆಂಚು ಇಳಿಯಿತು, ಜಂತೆಗಳು ಇಳಿದವು. ಕಡೆಯಲ್ಲಿ ನಡುಮನೆಯ ದೊಡ್ಡ ತೊಲೆಯನ್ನು ನಾಲ್ಕು ಜನ ಹಗ್ಗ ಕಟ್ಟಿ ಕೆಳಗಿಳಿಸಿ ಅಂಗಳದಲ್ಲಿ ಮಲಗಿಸಿದಾಗ, ಮನೆಯ ಹಿರಿಯಾಕೆ ಕೋಲೂರಿಕೊಂಡು ಬಂದು ಅದರ ಮೇಲೆ ಕೈಯಿಟ್ಟು ನಿಂತರು. ಆಕೆಯ ಬಯಕೆ ಸರಳವಾದದ್ದು. ಮೂರು ತಲೆಮಾರಿನ ಕೂಸುಗಳ ತೊಟ್ಟಿಲನ್ನು ಹೊತ್ತ ತೊಲೆ ಅದು. ಹೊಸ ಮನೆಯ ನಡುಕೋಣೆಯಲ್ಲಿ ಅದನ್ನು ಅಡ್ಡಲಾಗಿ ಕೂರಿಸಬೇಕು. ಕಾರ್ತಿಕ ಮಾಸದಲ್ಲಿ ಹುಟ್ಟಲಿರುವ ಮರಿಮಗುವಿನ ತೊಟ್ಟಿಲನ್ನೂ ಅದಕ್ಕೇ ಕಟ್ಟಬೇಕು. ತೊಟ್ಟಿಲ ಕಾಲ ಮುಗಿದ ಮೇಲೆ ತೂಗುಮಣೆಯನ್ನು ಹಾಕಬೇಕು.

ಮೊಮ್ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. ತಂದೆಯಾಗಲಿರುವವನು ಅವನೇ. ತೊಲೆಯ ಪಕ್ಕದಲ್ಲಿ ಎರಡು ಮಾರು ಉದ್ದಕ್ಕೆ ಬಾಯಿಬಿಟ್ಟ ಸೀಳೊಂದಿತ್ತು. ಅದರೊಳಗೆ ಕಿರುಬೆರಳ ತುದಿ ಸಲೀಸಾಗಿ ಇಳಿಯುತ್ತಿತ್ತು.

"ಅಜ್ಜಿ, ಇದು ಸೀಳಿಹೋಗಿದೆ. ಇದರ ಕೆಳಗೆ ಮಗುವನ್ನು ಮಲಗಿಸೋದೆ?"

"ನಿಮ್ಮಪ್ಪ ಹುಟ್ಟೋಕೆ ಮುಂಚೆಯೇ ಆ ಸೀಳು ಇತ್ತು ಕಣೋ. ನಿನ್ನನ್ನು ತೂಗಿದ್ದೂ ಅದರಲ್ಲೇ. ತೇಗದ ತೊಲೆ, ಸುಮ್ಮನೆಯೆ?"

ಇಬ್ಬರ ಮಾತೂ ಸುಳ್ಳಲ್ಲ. ಸೀಳಿದ್ದುದು ನಿಜ, ಅಷ್ಟು ವರ್ಷ ಅದು ಹೊರೆ ಹೊತ್ತದ್ದೂ ನಿಜ. ಹೀಗೆ ಎರಡು ನಿಜಗಳು ಒಂದಕ್ಕೊಂದು ಎದುರಾಗಿ ನಿಂತಾಗ ಮೂರನೆಯವರು ಬರಬೇಕಾಗುತ್ತದೆ. ಮರಗೆಲಸದ ಹಿರಿಯ ಆಚಾರಿಯೊಬ್ಬರಿಗೆ ಹೇಳಿಕಳುಹಿಸಿದರು.

ಆಚಾರಿ ಬಂದವರು ಸೀಳನ್ನು ಒಮ್ಮೆ ನೋಡಿ ಬಿಟ್ಟರು. ತೊಲೆಯ ತುದಿಯನ್ನು ಎತ್ತಿ ಭಾರ ನೋಡಿದರು. ಬಾಚಿಯಿಂದ ಒಂದೆಡೆ ಹೊಗೆಯ ಕರಿಯನ್ನು ಕೆತ್ತಿ ಒಳಗಿನ ಬಣ್ಣ ನೋಡಿದರು.

"ಅಮ್ಮಾವ್ರೆ, ಇದು ತೇಗ ಅಲ್ಲ, ಮತ್ತಿ. ಸೀಳು ನೋಡಿ ಹೆದರ್ಬೇಡಿ ಸ್ವಾಮಿ. ಮತ್ತಿ ಒಣಗೋವಾಗ ಬಾಯಿ ಬಿಡ್ತದೆ, ಅದರ ಗುಣವೇ ಹಾಗೆ. ನಾನು ನೋಡ್ಬೇಕಾದ್ದು ಬೇರೆ ಕಡೆ ಅದೆ."

ಆ 'ಬೇರೆ ಕಡೆ' ಯಾವುದೆಂಬುದಕ್ಕೆ ಮುಂದೆ ಬರಬಹುದು. ಅದಕ್ಕೆ ಮೊದಲು, ಇಷ್ಟುದ್ದದ ಸೀಳನ್ನು ಕಂಡೂ ಆಚಾರಿ ನಿಶ್ಚಿಂತರಾಗಿರಲು ಕಾರಣವೇನೆಂಬುದನ್ನು ವಿಚಾರಿಸುವುದು ಒಳ್ಳೆಯದು.

ಮರದ ಗುಣವನ್ನು ಹೇಳುವಾಗ ನಾವು 'ಗಟ್ಟಿ' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಗುಣಗಳನ್ನು ಗಂಟುಹಾಕಿಬಿಡುತ್ತೇವೆ. ಉಗುರು ನಾಟದಿರುವುದು, ಮೊಳೆ ಇಳಿಯದಿರುವುದು ಗಡಸು. ಹೆಚ್ಚು ಭಾರವನ್ನು ಹೊರುವುದು ಬಲ. ಮೂರನೆಯದು ಇವೆರಡೂ ಅಲ್ಲ. ಒಂದು ಬಿರುಕು ಹುಟ್ಟಿದ ಮೇಲೆ, ಒಂದು ಏಟು ಬಿದ್ದ ಮೇಲೆ, ಅದನ್ನು ಮುಂದಕ್ಕೆ ಹರಿಯಗೊಡದೆ ತಡೆಯುವ ಗುಣ ಅದು. ಇದಕ್ಕೆ ಕನ್ನಡದಲ್ಲಿ ಕೆಚ್ಚು ಎನ್ನಬಹುದು. ಮರದ ತಿರುಳಿನ ಭಾಗಕ್ಕೂ ಕೆಚ್ಚು ಎನ್ನುತ್ತಾರೆ, ಮನುಷ್ಯನ ಎದೆಗಾರಿಕೆಗೂ ಕೆಚ್ಚು ಎನ್ನುತ್ತಾರೆ. ಪೆಟ್ಟು ತಿಂದೂ ಎರಡು ಹೋಳಾಗದಿರುವ ಗುಣಕ್ಕೆ ಇದಕ್ಕಿಂತ ಒಪ್ಪುವ ಮಾತನ್ನು ನಿಘಂಟುಗಳಲ್ಲಿ ಹುಡುಕುವ ಅಗತ್ಯ ಕಾಣದು. ಇದರ ಎದುರುಗುಣ ಪೆಡಸು. ಗಾಜು ಮರಕ್ಕಿಂತ ಬಹಳ ಗಡಸು. ಆದರೆ ಶುದ್ಧ ಪೆಡಸು.

ಬಿರುಕು ಹೇಗೆ ಹರಿಯುತ್ತದೆಂಬುದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಬಟ್ಟೆಯಂಗಡಿಗೆ ಹೋದರೆ ಸಾಕು. ಎರಡು ಮೀಟರು ರವಿಕೆಯ ಬಟ್ಟೆ ಕೇಳಿದರೆ, ಅಂಗಡಿಯವನು ಅಂಚಿನಲ್ಲಿ ಕತ್ತರಿಯಿಂದ ಒಂದೇ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಎಳೆದು ಪರ್ರೆಂದು ಹರಿದುಕೊಡುತ್ತಾನೆ. ಅದೇ ಬಟ್ಟೆಯನ್ನು ಕಚ್ಚು ಹಾಕದೆ ಹರಿಯಲು ಪೈಲ್ವಾನನಿಗೂ ಸಾಧ್ಯವಾಗದು. ಕಚ್ಚಿಲ್ಲದಾಗ ಎಳೆತವನ್ನು ಎಲ್ಲ ಎಳೆಗಳೂ ಹಂಚಿಕೊಳ್ಳುತ್ತವೆ. ಕಚ್ಚು ಹಾಕಿದೊಡನೆ ಅದರ ತುದಿಯಲ್ಲಿರುವ ಒಂದೊಂದೇ ಎಳೆಯ ಮೇಲೆ ಆ ಭಾರವೆಲ್ಲ ಬಂದು ಬೀಳುತ್ತದೆ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಗ್ರಿಫಿತ್ ಎಂಬ ಎಂಜಿನಿಯರನು 1920ರ ಸುಮಾರಿಗೆ ಗಾಜನ್ನು ಪರೀಕ್ಷಿಸುತ್ತ ಈ ವಿಷಯಕ್ಕೆ ಗಣಿತದ ರೂಪವನ್ನು ಕೊಟ್ಟನು. ಗಾಜು ಲೆಕ್ಕಕ್ಕೆ ಸಿಗುವುದಕ್ಕಿಂತ ಎಷ್ಟೋ ಕಡಿಮೆ ಎಳೆತಕ್ಕೆ ಒಡೆಯುವುದೇಕೆ? ಅದರ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿವೆ. ಅವೇ ಅದರ ಕಚ್ಚುಗಳು. ಗೀರಿನ ತುದಿಯಲ್ಲಿ ಹರಿಯತೊಡಗಿದ ಬಿರುಕನ್ನು ತಡೆಯಲು ಗಾಜಿನೊಳಗೆ ಏನೇನೂ ಇಲ್ಲ.

ಮರದೊಳಗೆ ಇದೆ.

ಮರವೆಂದರೆ ರಾಗಿಹುಲ್ಲಿನ ಕಟ್ಟಿನಂತೆ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕೊಳವೆಗಳ ಕಟ್ಟು. ಕೊಳವೆಗಳೆಲ್ಲ ಬಹುಮಟ್ಟಿಗೆ ಕಾಂಡದ ಉದ್ದಕ್ಕೆ ಸಾಗಿವೆ; ಒಂದಕ್ಕೊಂದು ಅಂಟಿಕೊಂಡಿವೆ, ಆದರೆ ಆ ಅಂಟು ಕೊಳವೆಗಳಷ್ಟು ಬಲವಾದುದಲ್ಲ. ಸೌದೆ ಸೀಳುವವರಿಗೆಲ್ಲ ಇದು ಗೊತ್ತು. ತುಂಡನ್ನು ನೆಟ್ಟಗೆ ನಿಲ್ಲಿಸಿ ನೆತ್ತಿಯ ಮೇಲೆ ಕೊಡಲಿಯಿಂದ ಒಂದೇಟು ಹಾಕಿದರೆ ಎರಡಾಗುತ್ತದೆ. ಅದೇ ತುಂಡನ್ನು ಅಡ್ಡಲಾಗಿ ಕಡಿಯಬೇಕಾದರೆ ಬೆವರು ಹರಿಯುತ್ತದೆ. ಎಂಜಿನಿಯರರ ಅಳತೆಯಲ್ಲಿ ಹೇಳುವುದಾದರೆ, ನಾರಿಗೆ ಅಡ್ಡಲಾಗಿ ಹರಿಯಬೇಕಾದ ಬಿರುಕನ್ನು ತಡೆಯುವ ಮರದ ಕೆಚ್ಚು, ನಾರಿನ ಗುಂಟ ಹರಿಯುವ ಬಿರುಕನ್ನು ತಡೆಯುವ ಕೆಚ್ಚಿನ ಹತ್ತುಪಟ್ಟಿನಷ್ಟಿದೆ.

ಒಂದು ಕಡೆಯ ಈ ದೌರ್ಬಲ್ಯವೇ ಇನ್ನೊಂದು ಕಡೆಯ ಬಲಕ್ಕೆ ಕಾರಣವೆಂಬುದು ಸೋಜಿಗದ ಸಂಗತಿ. ಬಿರುಕೊಂದು ತೊಲೆಯ ಕೆಳಮೈಯಿಂದ ಹೊರಟು ನಾರುಗಳನ್ನು ಅಡ್ಡಲಾಗಿ ಕತ್ತರಿಸುತ್ತ ಮೇಲಕ್ಕೆ ಬರುತ್ತಿದೆಯೆಂದು ಭಾವಿಸಿ. ಮುಂದೆ ಒಂದು ದುರ್ಬಲವಾದ ಅಂಟು ಸಿಕ್ಕಿತು. ಆ ಅಂಟು ಬಿರುಕಿನ ಮುಂದೆಯೇ ಸಡಿಲವಾಗಿ ಬಾಯಿಬಿಡುತ್ತದೆ; ಬಿರುಕು ನೆಟ್ಟಗೆ ಮುಂದುವರಿಯಲಾರದೆ ಪಕ್ಕಕ್ಕೆ ತಿರುಗಿ ನಾರಿನ ಗುಂಟ ಹೋಗುತ್ತದೆ; ಅದರ ಚೂಪಾದ ತುದಿ ಮೊಂಡಾಗುತ್ತದೆ. ಬಟ್ಟೆಯ ಕಚ್ಚಿನ ತುದಿಯನ್ನು ಯಾರೋ ದುಂಡಗೆ ಕತ್ತರಿಸಿಬಿಟ್ಟಂತೆ. ಕುಕ್ ಮತ್ತು ಗಾರ್ಡನ್ ಎಂಬಿಬ್ಬರು 1964ರಲ್ಲಿ ಇದನ್ನು ವಿವರಿಸಿದರು. ಅದೇ ಗಾರ್ಡನ್ನನು ರೆಡಿಂಗ್ ವಿಶ್ವವಿದ್ಯಾನಿಲಯದಲ್ಲಿ ಜೆರೊನಿಮಿಡಿಸ್ ಎಂಬವನೊಡನೆ ಸೇರಿ 1974ರಲ್ಲಿ ಮತ್ತೊಂದು ಗುಟ್ಟನ್ನು ಹೊರಗೆಡಹಿದನು. ಮರದ ಒಂದೊಂದು ಕೊಳವೆಯ ಗೋಡೆಯಲ್ಲಿಯೂ ಸೂಕ್ಷ್ಮವಾದ ಎಳೆಗಳು ಸುರುಳಿಯಾಗಿ ಸುತ್ತಿಕೊಂಡಿವೆ. ಬಲವಾಗಿ ಎಳೆದಾಗ ಕೊಳವೆ ತಟಕ್ಕನೆ ಹರಿಯುವುದಿಲ್ಲ. ಅದರ ಗೋಡೆ ಒಳಕ್ಕೆ ಕುಸಿಯುತ್ತದೆ, ಸುರುಳಿ ಬಿಚ್ಚಿಕೊಂಡು ಉದ್ದವಾಗುತ್ತದೆ. ಅಷ್ಟನ್ನೂ ಎಳೆಯುವುದರಲ್ಲಿ ಏಟಿನ ಶಕ್ತಿಯೆಲ್ಲ ವ್ಯಯವಾಗಿಬಿಡುತ್ತದೆ. ಗಾಜಿನ ಒಡಕಿಗೆ ಬೇಕಾಗುವ ಶಕ್ತಿಯ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ ಮರವನ್ನು ಅಡ್ಡಲಾಗಿ ಮುರಿಯಲು ಬೇಕಾಗುವುದು ಇದರಿಂದಲೇ.

ಈಗ ಹಿನಕಲ್ಲಿನ ತೊಲೆಯ ಸೀಳನ್ನು ಇನ್ನೊಮ್ಮೆ ನೋಡಬಹುದು. ಅದು ನಾರಿನ ಗುಂಟ ಹೋಗಿದೆ. ತೊಲೆಯ ನಡು ಎತ್ತರದಲ್ಲಿ, ತೊಲೆಗೆ ಸರಿಸಮವಾಗಿ ಹೋಗಿದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಅಮುಕಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ನಡುವಿನ ಭಾಗಕ್ಕೆ ಈ ಎರಡೂ ಕಷ್ಟಗಳಿಲ್ಲ. ಎಳೆತಕ್ಕೆ ಸರಿಸಮವಾಗಿರುವ ಸೀಳನ್ನು ಎಳೆತವು ಅಗಲಗೊಳಿಸದು. ಸೀಳು ತೀರ ಆಳವಾಗಿದ್ದು ಗೋಡೆಯ ಬಳಿಯ ತುದಿಯವರೆಗೆ ಹೋಗಿದ್ದರೆ ಮೇಲಿನರ್ಧ ಕೆಳಗಿನರ್ಧದ ಮೇಲೆ ಜಾರುವ ಭಯವುಂಟು, ಇಲ್ಲಿ ಹಾಗಿರಲಿಲ್ಲ. ಇದೇ ಸೀಳು ಕೆಳಮೈಗೆ ಬಂದು ಅಡ್ಡಲಾಗಿ ಒಂದೇ ಅಂಗುಲ ಇದ್ದಿದ್ದರೆ, ಆ ಒಂದಂಗುಲಕ್ಕಾಗಿ ಆಚಾರಿ ತೊಲೆಯನ್ನೇ ತಿರಸ್ಕರಿಸುತ್ತಿದ್ದರು. ಉದ್ದವನ್ನು ಕಂಡು ಹೆದರುವುದು ನೋಡುವವರ ಕಣ್ಣು; ದಿಕ್ಕನ್ನು ಕಂಡು ಹೆದರುವುದು ಮರಗೆಲಸದವರ ಕಣ್ಣು.

ಅಜ್ಜಿಯ ತೇಗದ ಅಭಿಮಾನದ ವಿಷಯಕ್ಕೂ ಒಂದು ಮಾತು ಹೇಳಬೇಕು. ಅಭಿಮಾನ ಅವರೊಬ್ಬರದೇ ಅಲ್ಲ. ನಮ್ಮಲ್ಲಿ ಬಾಗಿಲು ಎಂದರೆ ತೇಗ, ಮಂಚವೆಂದರೆ ಬೀಟೆ, ಉಳಿದುದೆಲ್ಲ 'ಕಾಡುಮರ'. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ತೇಗದ ಕಂಬ ತೊಲೆಗಳ ಮೇಲೆ ಇಂದಿಗೂ ನಿಂತಿದೆಯೆಂದು ಹೇಳಿದರೆ ಈ ಅಭಿಮಾನಕ್ಕೆ ಸಾಕ್ಷಿಯೂ ಒದಗಿದಂತಾಯಿತು. ತೇಗದ ಹಿರಿಮೆ ಇರುವುದು ಅದರ ಎಣ್ಣೆಯಂಶದಲ್ಲಿ, ಗೆದ್ದಲಿಗೆ ಬಗ್ಗದಿರುವುದರಲ್ಲಿ, ಮಳೆ ಬಿಸಿಲುಗಳಲ್ಲಿ ಉಬ್ಬಿ ಕುಗ್ಗಿ ಸೊಟ್ಟಗಾಗದಿರುವುದರಲ್ಲಿ. ಬಲದಲ್ಲಿ ಅದು ಉತ್ತಮವೇ. ಆದರೆ ಕೆಚ್ಚಿನಲ್ಲಿ ಮೊದಲ ಪಂಕ್ತಿಗೆ ಸೇರದು. ತೇಗದ ಕಾವು ಹಾಕಿದ ಕೊಡಲಿಯನ್ನು ಯಾರಾದರೂ ಕಂಡಿದ್ದಾರೆಯೆ?

ಡೆಹರಾಡೂನಿನಲ್ಲಿ 1906ರಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಸಂಸ್ಥೆಯವರು ಭಾರತದ ಮರಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಎಲ್ಲರಿಗೂ ಪರಿಚಿತವಾದ ತೇಗಕ್ಕೆ ಪ್ರತಿಯೊಂದು ಗುಣದಲ್ಲಿಯೂ 100 ಎಂದಿಟ್ಟು, ಉಳಿದವುಗಳನ್ನು ಅದಕ್ಕೆ ಹೋಲಿಸಿ ಅಂಕ ಕೊಡುವ ಪದ್ಧತಿಯನ್ನು ಬಳಕೆಗೆ ತಂದರು. ಬೆಂಗಳೂರಿನಲ್ಲಿಯೂ 1938ರಲ್ಲಿ ಆರಂಭವಾದ ಅರಣ್ಯ ಪ್ರಯೋಗಶಾಲೆಯೊಂದಿತ್ತು. 1988ರಲ್ಲಿ ಅದು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆಯಿತು. ಇಂಥ ಕಡೆಗಳಲ್ಲಿ ಎರಡು ಸೆಂಟಿಮೀಟರು ದಪ್ಪ, ಮೂವತ್ತು ಸೆಂಟಿಮೀಟರು ಉದ್ದದ ಕಡ್ಡಿಗಳನ್ನು ಗಂಟು ಗೀರುಗಳಿಲ್ಲದಂತೆ ಆರಿಸಿ ಕೊಯ್ದು, ನಿಧಾನವಾಗಿ ಬಾಗಿಸಿ ಬಲವನ್ನು ಅಳೆಯುತ್ತಾರೆ. ಕೆಚ್ಚನ್ನು ಅಳೆಯುವ ಬಗೆ ಬೇರೆ. ತೂಕದ ಗುಂಡೊಂದನ್ನು ಮೊದಲು ಸ್ವಲ್ಪ ಎತ್ತರದಿಂದ, ಬಳಿಕ ಇನ್ನಷ್ಟು ಎತ್ತರದಿಂದ, ಕಡ್ಡಿ ಮುರಿಯುವವರೆಗೂ ಮತ್ತೆ ಮತ್ತೆ ಅದರ ಮೇಲೆ ಬೀಳಿಸುತ್ತಾರೆ. ಇಂಥ ಪರೀಕ್ಷೆಯಲ್ಲಿ ತೇಗವನ್ನು ಬಹುದೂರ ಹಿಂದೆ ಹಾಕುವ ಮರ ಯಾವುದು? ಮೈಸೂರು ಸೀಮೆಯ ಕುರುಚಲು ಕಾಡಿನ ತಡಸಲು.

ತಡಸಲಿನ ಹೆಸರನ್ನು ಪಟ್ಟಣದ ಮನೆಗಳಲ್ಲಿ ಕೇಳಿದವರು ಕಡಿಮೆ. ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆಯ ರೈತನಿಗೆ ಅದು ಕೊಡಲಿಯ ಕಾವು. ಕಾವಿಗೆ ಬೇಕಾದುದು ಗಡಸಲ್ಲ. ಪ್ರತಿಯೊಂದು ಏಟಿಗೂ ಸ್ವಲ್ಪ ಬಾಗಿ, ಅದರ ಅದುರನ್ನು ತಾನು ನುಂಗಿಕೊಂಡು, ಮತ್ತೆ ನೆಟ್ಟಗಾಗುವ ಗುಣ. ಗಾಡಿಯ ಅಚ್ಚಿಗೆ ದಿಂಡಿಗವನ್ನು ಆರಿಸುತ್ತಿದ್ದರು. ಆ ಮರಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೂ 'ಅಚ್ಚಿನ ಮರ' ಎಂದೇ ಇರುವುದರಿಂದ ಈ ವಿಷಯದಲ್ಲಿ ಆಳುವವರೂ ಆಳಿಸಿಕೊಂಡವರೂ ಒಮ್ಮತದವರೆಂದು ತಿಳಿಯಬಹುದು. ಗಾಡಿಯ ಚಕ್ರಕ್ಕೆ ಜಾಲಿ. ಕಲ್ಲುರಸ್ತೆಯ ಕುಲುಕಾಟವನ್ನು ದಿನವಿಡೀ ತಾಳಬೇಕಷ್ಟೆ. ಚನ್ನಪಟ್ಟಣದ ಗೊಂಬೆಗಾದರೋ ಹೊರೆಯೂ ಇಲ್ಲ, ಏಟೂ ಇಲ್ಲ. ಅಲ್ಲಿ ಬೇಕಾದುದು ಉಳಿಗೆ ನುಣ್ಣಗೆ ಒಲಿಯುವ ಹಾಲೆಮರ. ಹಾಕಿಯ ಕೋಲನ್ನು ನಮ್ಮ ದೇಶದಲ್ಲಿ ಹಿಪ್ಪುನೇರಳೆಯಿಂದ ಮಾಡುತ್ತಿದ್ದರು. ಮೈಸೂರು ಸೀಮೆಯವರು ಹಿಪ್ಪುನೇರಳೆಯೆಂದರೆ ರೇಷ್ಮೆಹುಳುವಿನ ಮೇವೆಂದೇ ಬಗೆದಿರುವುದರಿಂದ ಇದು ಹಲವರಿಗೆ ಹೊಸ ವಿಷಯವಾದೀತು. ಕ್ರಿಕೆಟ್ ದಾಂಡಿನ ವಿಲೋ ಮರ ತೇಗಕ್ಕಿಂತ ಎಷ್ಟೋ ಹಗುರ, ಎಷ್ಟೋ ಮೆತ್ತಗೆ. ಉಗುರಿನಿಂದಲೇ ಗುರುತು ಮಾಡಬಹುದು. ಆದರೂ ಚೆಂಡಿನ ಏಟಿಗೆ ಅದು ತಗ್ಗುತ್ತದೆಯೇ ಹೊರತು ಚೂರಾಗುವುದಿಲ್ಲ. ಬೀಟೆಯ ದಾಂಡನ್ನು ಮಾಡಿಸಿದವನು ಶ್ರೀಮಂತನೆನ್ನಿಸಿಕೊಂಡಾನು; ರನ್ನು ಗಳಿಸಲಾರ.

ಇಷ್ಟು ಬಗೆಯ ಮರಗಳು ಇಷ್ಟು ಬಗೆಯ ಗುಣಗಳನ್ನು ತೋರಿದರೂ ಅವುಗಳ ಗೋಡೆಯ ಪದಾರ್ಥ ಮಾತ್ರ ಬಹುಮಟ್ಟಿಗೆ ಒಂದೇ. ಯಾವ ಮರದ ಕೊಳವೆಯ ಗೋಡೆಯನ್ನು ತೂಗಿದರೂ ಅದು ನೀರಿನ ಒಂದೂವರೆ ಪಟ್ಟು ಭಾರ. ಬೂರುಗದಲ್ಲಿ ಗೋಡೆ ತೆಳ್ಳಗೆ, ನಡುವೆ ಪೊಳ್ಳು ಹೆಚ್ಚು. ಅದರ ಒಂದು ಘನಮೀಟರು 400 ಕಿಲೋ ಕೂಡ ತೂಗದು. ತೇಗ ಸುಮಾರು 650 ಕಿಲೋ, ಬೀಟೆ 850ರ ಆಸುಪಾಸು. ಮತ್ತಿಯೂ ಅದೇ ಸಾಲಿನದು. ಆಚಾರಿ ತೊಲೆಯ ತುದಿಯನ್ನೆತ್ತಿ ನೋಡಿದುದು ಈ ಕಾರಣಕ್ಕೆ. ಭಾರ ಹೆಚ್ಚಿದಷ್ಟೂ ಗಡಸೂ ಬಲವೂ ಹೆಚ್ಚುವುದು ಸಾಮಾನ್ಯ ನಿಯಮ. ಕೆಚ್ಚು ಮಾತ್ರ ಈ ನಿಯಮಕ್ಕೆ ಪೂರ್ತಿಯಾಗಿ ಒಗ್ಗದು. ಅದಕ್ಕೆ ನಾರಿನ ಉದ್ದ, ನೇರ, ಸುರುಳಿಯ ಓರೆ ಇವೆಲ್ಲವೂ ಕೂಡಿಬರಬೇಕು.

ನಾರಿನ ನೇರವೆಂಬುದು ಸಣ್ಣ ಮಾತಲ್ಲ. ಕೊಯ್ಯುವವನ ಅಜಾಗರೂಕತೆಯಿಂದಲೋ ಮರವೇ ತಿರುಚಿ ಬೆಳೆದುದರಿಂದಲೋ ನಾರು ಹತ್ತು ಅಡಿ ಉದ್ದಕ್ಕೆ ಒಂದು ಅಡಿಯಷ್ಟು ಓರೆಯಾದರೆ, ಬಾಗುವ ಬಲದಲ್ಲಿ ನೂರಕ್ಕೆ ಇಪ್ಪತ್ತರಷ್ಟು ನಷ್ಟ; ಏಟು ತಾಳುವ ಗುಣದಲ್ಲಿಯಾದರೋ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟ. ಗಂಟಿನ ಸುತ್ತ ನಾರು ಬಳಸಿಕೊಂಡು ಹೋಗುವುದರಿಂದ ಗಂಟೂ ಒಂದು ಬಗೆಯ ಓರೆಯೇ. ಆದುದರಿಂದ ಗಂಟಿರುವ ಮೈಯನ್ನು ಎಂದೂ ಕೆಳಕ್ಕೆ ಬರುವಂತೆ ಕೂರಿಸಬಾರದು. ಮೇಲಕ್ಕೆ ಮಾಡಿದರೆ ಅದು ಅಮುಕಿಕೊಂಡು ಸುಮ್ಮನಿರುತ್ತದೆ. ಹಸಿಮರ ಒಣಗಿದಷ್ಟೂ ಬಲ ಏರುತ್ತದೆ. ಬಾಗುವ ಬಲ ಒಂದೂವರೆ ಪಟ್ಟಾದರೂ ಆದೀತು. ಕೆಚ್ಚು ಹಾಗೆ ಏರುವುದಿಲ್ಲ. ಒಣಮರ ಹೆಚ್ಚು ಬಾಗದೆ ಮುರಿಯುವುದರಿಂದ ಕೆಲವು ವೇಳೆ ಅದು ತಗ್ಗುವುದೂ ಉಂಟು. ಕಾಲವೂ ಒಂದು ಹೊರೆ. ಪ್ರಯೋಗಶಾಲೆಯಲ್ಲಿ ಕೆಲವು ನಿಮಿಷ ಹೊತ್ತ ಭಾರದ ನೂರಕ್ಕೆ ಅರುವತ್ತರಷ್ಟನ್ನು ಮಾತ್ರ ಮರವು ಹತ್ತು ವರ್ಷ ಹೊರಬಲ್ಲದೆಂದು ಅಮೆರಿಕದ ಮ್ಯಾಡಿಸನ್ ಪ್ರಯೋಗಶಾಲೆಯವರು 1951ರಲ್ಲಿ ಲೆಕ್ಕಹಾಕಿ ತೋರಿಸಿದರು. ಪುಸ್ತಕ ತುಂಬಿದ ಹಲಗೆ ವರ್ಷದಿಂದ ವರ್ಷಕ್ಕೆ ಜೋಲುವುದನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಮರ ಬೇಡವಾದರೆ ಕಲ್ಲನ್ನೋ ಕಬ್ಬಿಣವನ್ನೋ ಬಳಸಬಹುದಲ್ಲವೆ? ಅಲ್ಲಿಯೂ ಇದೇ ನ್ಯಾಯ. ನಮ್ಮ ಕಲ್ಲಿನ ದೇವಾಲಯಗಳಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿರುವುದು ಅಂದಕ್ಕಾಗಿ ಮಾತ್ರವಲ್ಲ. ಕಲ್ಲು ಅಮುಕಿಗೆ ಜಗ್ಗದು, ಎಳೆತಕ್ಕೆ ನಿಲ್ಲದು. ತೊಲೆಯಾಗಿ ಮಲಗಿಸಿದ ಕಲ್ಲು ಉದ್ದವಾದರೆ ಮುನ್ಸೂಚನೆಯಿಲ್ಲದೆ ಎರಡಾಗುತ್ತದೆ. ಮೈಸೂರಿನ ಮರದ ಹಳೆಯ ಅರಮನೆ 1897ರಲ್ಲಿ, ಅರಮನೆಯ ಮದುವೆಯ ಸಮಯದಲ್ಲಿಯೇ, ಬೆಂಕಿಗೆ ಆಹುತಿಯಾಯಿತಷ್ಟೆ. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಎರಕದ ಕಬ್ಬಿಣವೂ ಪೆಡಸೇ. ಕಂಬವಾಗಿ ನಿಂತಾಗ ಅಮುಕಿನ ಭಾರವನ್ನು ಮಾತ್ರ ಹೊರಬೇಕಾದುದರಿಂದ ಅದರ ದೋಷ ಹೊರಬೀಳದು. ತೂಗುಮಣೆಯ ತೊಲೆಗೆ ಅದನ್ನು ಯಾರೂ ಬಳಸರು. ಮರವು ಮುರಿಯುವ ಮುನ್ನ ಜೋಲುತ್ತದೆ, ಕಿರುಗುಟ್ಟುತ್ತದೆ, ಸಿಬಿರೇಳುತ್ತದೆ. ಕೆಳಗಿರುವವರಿಗೆ ಏಳಲು ಹೊತ್ತು ಕೊಡುತ್ತದೆ.

ಆದರೆ ಎಲ್ಲ ಮರವೂ ಅಲ್ಲ. ಆಚಾರಿಯ 'ಬೇರೆ ಕಡೆ' ಇಲ್ಲಿಗೆ ಬರುತ್ತದೆ.

ಅವರು ಚೀಲದಿಂದ ದಪ್ಪ ದಬ್ಬಣವೊಂದನ್ನು ತೆಗೆದರು. ತೊಲೆಯ ನಡುಭಾಗದಲ್ಲಿ, ಸೀಳಿನ ಪಕ್ಕದಲ್ಲಿಯೇ, ಅದನ್ನು ಓರೆಯಾಗಿ ಚುಚ್ಚಿ ಮೀಟಿದರು. ಗೇಣುದ್ದದ ಸಿಬಿರೊಂದು ಮೇಲೆದ್ದಿತು. ಒಂದು ತುದಿ ಇನ್ನೂ ಮರಕ್ಕೆ ಅಂಟಿಕೊಂಡೇ ಇತ್ತು. ಕೈಯಲ್ಲಿ ಹಿಡಿದು ಬಗ್ಗಿಸಿದರೂ ತುಂಡಾಗಲೊಲ್ಲದು.

"ನೋಡಿ, ಬಿಡ್ತಾ ಇಲ್ಲ. ಜೀವ ಅದೆ."

ಬಳಿಕ ತೊಲೆಯ ತುದಿಗೆ ಹೋದರು. ಮಣ್ಣಿನ ಗೋಡೆಯೊಳಗೆ ಹುದುಗಿದ್ದ ಒಂದು ಮೊಳದಷ್ಟು ಭಾಗವದು. ಸೀಳಿಲ್ಲ, ಗೆದ್ದಲಿಲ್ಲ, ಉಳಿದ ತೊಲೆಗೆ ಹೊಗೆ ಹಿಡಿದಿದ್ದರೆ ಇದು ತಿಳಿಗಂದು ಬಣ್ಣದಲ್ಲಿ ಹೊಸದರಂತೆಯೇ ಕಾಣುತ್ತಿತ್ತು. ಮೊಮ್ಮಗನೇ ಸ್ವಲ್ಪ ಮುಂಚೆ 'ಈ ಕೊನೆಯಾದರೂ ಚೆನ್ನಾಗಿದೆ' ಎಂದಿದ್ದನು. ಆಚಾರಿ ಅಲ್ಲಿಯೂ ದಬ್ಬಣವನ್ನು ಅದೇ ರೀತಿ ಚುಚ್ಚಿ ಮೀಟಿದರು. ಸಿಬಿರು ಏಳಲಿಲ್ಲ. ಉಗುರಿನಷ್ಟಗಲದ ಎರಡು ಚೂರುಗಳು ಹಪ್ಪಳದಂತೆ ಚಟ್ಟೆಂದು ಮುರಿದು ದಬ್ಬಣದ ಎರಡು ಬದಿಗೂ ಬಿದ್ದವು.

ಅಂಗಳದಲ್ಲಿ ಯಾರೂ ಮಾತನಾಡಲಿಲ್ಲ.

ಗೋಡೆಯ ತೇವದಲ್ಲಿ ವರ್ಷಗಟ್ಟಲೆ ಕುಳಿತ ಮರಕ್ಕೆ ಒಂದು ಬಗೆಯ ಬೂಷ್ಟು ಹತ್ತುತ್ತದೆ. ಅದು ಮರವನ್ನು ಮೊದಲಿಗೆ ಹುಡಿಗುಟ್ಟಿಸುವುದಿಲ್ಲ, ಟೊಳ್ಳು ಮಾಡುವುದಿಲ್ಲ. ಗೋಡೆಯ ಸೂಕ್ಷ್ಮ ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿಹಾಕುತ್ತದೆ. ಮರದ ತೂಕ ನೂರಕ್ಕೆ ಹತ್ತರಷ್ಟು ಕೂಡ ಇಳಿಯದಿರುವಾಗಲೇ ಕೆಚ್ಚಿನ ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿರುತ್ತದೆ. ಕಣ್ಣಿಗೆ ಕಾಣದು, ಗುದ್ದಿದರೆ ಸದ್ದಿನಲ್ಲಿಯೂ ತಿಳಿಯದೆ ಹೋಗಬಹುದು. ಬಲ ಇನ್ನೂ ಇರುವುದರಿಂದ ನಿಶ್ಚಲವಾದ ಹೆಂಚಿನ ಭಾರವನ್ನು ಹೊತ್ತುಕೊಂಡೇ ಇರುತ್ತದೆ. ಎಲ್ಲ ಗುಣಗಳಿಗಿಂತ ಮೊದಲು ಹೋಗುವುದು ಕೆಚ್ಚು. ಮತ್ತು ತೂಗುಮಣೆ ಬೇಡುವುದು ಅದನ್ನೇ. ಸುಮ್ಮನೆ ಕುಳಿತವನ ಭಾರ ಅವನ ತೂಕದಷ್ಟು. ಅವನೇ ಅರುವತ್ತು ಡಿಗ್ರಿಯವರೆಗೆ ಜೀಕಿದರೆ ಕೆಳಗೆ ಬರುವ ಗಳಿಗೆಯಲ್ಲಿ ತೊಲೆಯ ಮೇಲೆ ಬೀಳುವುದು ಅವನ ತೂಕದ ಇಮ್ಮಡಿ. ಹಬ್ಬದ ದಿನ ನಾಲ್ವರು ಮಕ್ಕಳು ಒಟ್ಟಿಗೇ ಹತ್ತಿ ಜೀಕಿದರೆ ಆಗುವ ಲೆಕ್ಕವನ್ನು ಮೊಮ್ಮಗನು ಮನಸ್ಸಿನಲ್ಲಿಯೇ ಹಾಕಿಕೊಂಡನೆಂದು ಕಾಣುತ್ತದೆ. ಅವನ ಮುಖ ಬಿಳಿಚಿಕೊಂಡಿತು. ಹೋದ ದೀಪಾವಳಿಯವರೆಗೂ ಆ ತೊಲೆಗೆ ತೂಗುಮಣೆ ಕಟ್ಟಿಯೇ ಇತ್ತು.

"ಹಾಗಾದರೆ ಇದು ಸೌದೆಗೇ ಸರಿ ಎನ್ನಿ, ಆಚಾರ್ರೆ?" ಎಂದು ಕೇಳಿದನು.

"ಯಾಕೆ ಸ್ವಾಮಿ? ಕೆಟ್ಟಿರೋದು ತುದಿ ತಾನೆ."

ಆಚಾರಿ ತುದಿಯಿಂದ ಒಳಕ್ಕೆ ನಾಲ್ಕು ನಾಲ್ಕು ಅಂಗುಲಕ್ಕೊಮ್ಮೆ ದಬ್ಬಣ ಚುಚ್ಚುತ್ತ ಬಂದರು. ಒಂದೂವರೆ ಅಡಿಯ ಬಳಿ ಚೂರುಗಳು ಉದ್ದವಾಗತೊಡಗಿದವು. ಎರಡಡಿಯ ಆಚೆ ಸಿಬಿರು ನೆಟ್ಟಗೆ ಎದ್ದಿತು. ಅಲ್ಲಿಂದ ಇನ್ನೂ ಒಂದು ಅಡಿ ಒಳಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಮತ್ತೊಂದು ತುದಿಯಲ್ಲಿಯೂ ಹಾಗೆಯೇ. ಉಳಿದುದು ಹನ್ನೊಂದು ಅಡಿ. ನಡುಕೋಣೆಯ ಅಗಲ ಹದಿನಾರು ಅಡಿಯಾದುದರಿಂದ ಅಲ್ಲಿಗೆ ಅದು ಎಟುಕದು; ಒಳಗಿನ ಹತ್ತಡಿಯ ಕೋಣೆಗೆ ಸರಿಹೋದೀತು. ಗಿಡ್ಡದಾದ ತೊಲೆ ಉದ್ದದ ತೊಲೆಗಿಂತ ಹೆಚ್ಚು ಭಾರ ಹೊರುವುದರಿಂದ ಅದು ನಷ್ಟವೂ ಅಲ್ಲ. ಅಗಲದ ಮೈಯನ್ನು ಹಾಸಿ ಮಲಗಿಸದೆ ಎತ್ತರಕ್ಕೆ ನಿಲ್ಲಿಸಿ ಕೂರಿಸಬೇಕೆಂದೂ, ತುದಿಗಳು ಗೋಡೆಯೊಳಗೆ ಹೂತುಹೋಗದಂತೆ ಎರಡು ಬದಿಗೂ ಗಾಳಿಯಾಡುವಷ್ಟು ಎಡೆ ಬಿಡಬೇಕೆಂದೂ, ಮೇಲ್ಗಡೆಯಿದ್ದ ದೊಡ್ಡ ಗಂಟು ಮೇಲ್ಗಡೆಯೇ ಇರಬೇಕೆಂದೂ ಆಚಾರಿ ಎರಡೆರಡು ಸಲ ಹೇಳಿದರು. ಎತ್ತರ ಇಮ್ಮಡಿಯಾದರೆ ತೊಲೆಯ ಬಲ ನಾಲ್ಮಡಿಯಾಗುವುದೆಂಬ ಸೂತ್ರವನ್ನು ಅವರು ಎಲ್ಲಿಯೂ ಓದಿದವರಲ್ಲ.

ಅಜ್ಜಿಗೆ ಒಂದೇ ಅಸಮಾಧಾನ.

"ನಡುಮನೆಯಲ್ಲಿ ಇರಬೇಕಾದ್ದು ಒಳಕೋಣೆಗೆ ಹೋಯಿತಲ್ಲಪ್ಪ. ತೇಗ ಅಂತ ನಮ್ಮ ಮಾವನವರು ಹೇಳಿದ್ದರು, ಅದೂ ಸುಳ್ಳಾಯಿತು."

"ಅಮ್ಮಾವ್ರೆ, ತೇಗ ಆಗಿದ್ರೆ ನೀವು ಇಷ್ಟು ಹೊತ್ತಿಗೆ ಬಾಗಿಲು ಮಾಡಿಸಿ ಮುಗಿಸಿರ್ತಿದ್ರಿ. ಮತ್ತಿ ಆಗಿದ್ದಕ್ಕೇ ತೊಲೆ ಆಗಿ ಉಳೀತು."

ಗರಗಸ ತರಲು ಹುಡುಗನೊಬ್ಬ ಓಡಿದನು. ಕೊಯ್ದ ತುದಿಗಳನ್ನು ನೀರೊಲೆಗೆ ಹಾಕಬಹುದೆಂದು ಆಚಾರಿ ಹೇಳಿದಾಗ ಅಜ್ಜಿ ತಲೆಯಾಡಿಸಿದರು. ತೊಟ್ಟಿಲಿನ ಸರಪಳಿ ತೂಗಿದ್ದ ಎರಡು ಕಬ್ಬಿಣದ ಬಳೆಗಳು ಮಾತ್ರ ತೊಲೆಯ ನಡುವೆ ಹಾಗೆಯೇ ಇದ್ದವು. ಮೊಮ್ಮಗನು ಅವುಗಳಲ್ಲೊಂದನ್ನು ಹಿಡಿದು, ಪಾದ ಊರಿ, ಮೈಭಾರವನ್ನೆಲ್ಲ ಬಿಟ್ಟು ಎಳೆದು ನೋಡಿದನು. ಅದು ಅಲುಗಲಿಲ್ಲ. ಮರುದಿನ ಅವನೇ ಪೇಟೆಗೆ ಹೋಗಿ ಒಂದು ದಪ್ಪ ದಬ್ಬಣವನ್ನು ಕೊಂಡುತಂದನು.